ದೆಹಲಿಯ ಮಂಜು, ಮುಂಬಯಿಯ ಹಡಗು

ದಸರೆ ಕಳೆದು ದೀಪಾವಳಿ ಸಮೀಪಿಸುವ ಹೊತ್ತಿಗೆ ದೆಹಲಿಯಲ್ಲಿ ಚಳಿಗಾಲದ ರಜೆಯ ಮಾತು ಶುರುವಾಗುತ್ತದೆ. ಆರ್.ಕೆ. ಪುರಂ, ಮಯೂರ್ ವಿಹಾರ್, ನೋಯ್ಡಾ, ಗುರುಗ್ರಾಮಗಳಲ್ಲಿರುವ ಕನ್ನಡದ ಮನೆಗಳಲ್ಲಿ ಮೊದಲೆಲ್ಲ ಈ ಮಾತು ಊರಿಗೆ ಹೋಗುವುದೋ, ಜೈಪುರಕ್ಕೋ, ಮಸ್ಸೂರಿಗೋ ಎಂಬಲ್ಲಿಗೆ ಮುಗಿಯುತ್ತಿತ್ತು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೀಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಓಡಾಡತೊಡಗಿದ ಮೇಲೆ ಪಟ್ಟಿಗೆ ಕ್ರೂಸ್ ಕೂಡ ಸೇರಿದೆ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಆರಂಭಿಸಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ಬ್ಯಾಲಾರ್ಡ್ ಪಿಯರ್‌ನಲ್ಲಿ ಹೊಸ ಅಂತರರಾಷ್ಟ್ರೀಯ ಕ್ರೂಸ್ ಟರ್ಮಿನಲ್ ಉದ್ಘಾಟನೆಯಾಯಿತು. ಜಾಹೀರಾತುಗಳಿಗೂ ಬರವಿಲ್ಲ. ಅವು ಲೆಕ್ಕ ಹೇಳುವುದು ರಾತ್ರಿಗಳಲ್ಲಿ: ಎರಡು ರಾತ್ರಿಗೆ ಇಷ್ಟು, ಮೂರು ರಾತ್ರಿಗೆ ಇಷ್ಟು. ದೆಹಲಿಯವರು ಎಡವುವುದು ಈ ಲೆಕ್ಕದಲ್ಲೇ. ಮುಂಬಯಿಯವರು ಕೊಳ್ಳುವ ಹಾಗೆ ದೆಹಲಿಯವರು ಕ್ರೂಸ್ ಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದಾದರಿನಲ್ಲೋ ಮಾಟುಂಗದಲ್ಲೋ ಇರುವ ಕುಟುಂಬಕ್ಕೆ ವಾರಾಂತ್ಯದ ಎರಡು ರಾತ್ರಿಯ ಹಡಗು ಚೆಂದದ ಆಯ್ಕೆ. ಕಡಲಿನಿಂದ ಇಷ್ಟು ದೂರವಿರುವ ನಮಗೆ ಅದೇ ಟಿಕೆಟ್ ದುಬಾರಿ, ಆಯಾಸದ್ದು, ಅಪಾಯದ್ದು ಕೂಡ. ನಾವು ಹೋದರೆ ಅಪರೂಪಕ್ಕೆ ಹೋಗಬೇಕು, ಉದ್ದಕ್ಕೆ ಹೋಗಬೇಕು, ಡಿಸೆಂಬರ್ ಕೊನೆಯ ವಾರವನ್ನು ಬಿಟ್ಟು ಹೋಗಬೇಕು.

ಮೊದಲು ಗಂಟೆಗಳ ಲೆಕ್ಕ ನೋಡೋಣ. ಎರಡು ರಾತ್ರಿಯ ಹಡಗು ಶುಕ್ರವಾರ ಸಂಜೆ ಐದಕ್ಕೆ ಹೊರಟು ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮರಳಿತು ಎಂದಿಟ್ಟುಕೊಂಡರೆ ನೀರಿನ ಮೇಲೆ ಸಿಗುವುದು 40 ಗಂಟೆ. ದೆಹಲಿಯವರು ಒಂದು ದಿನ ಮೊದಲೇ ಹೊರಡಬೇಕು (ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ). ಹಾಗಾಗಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ, ಅಂದರೆ 96 ಗಂಟೆ ಕೈಬಿಟ್ಟಂತೆ. ಖರ್ಚಾದ ಸಮಯದಲ್ಲಿ ಐದನೇ ಎರಡು ಪಾಲು ಮಾತ್ರ ಕಡಲಿನದು. ಉಳಿದದ್ದು ಟರ್ಮಿನಲ್ 3ರ ಸಾಲು, ಟ್ಯಾಕ್ಸಿ, ಮುಂಬಯಿಯ ಹೋಟೆಲು. ಅದೇ ಐದು ರಾತ್ರಿಯ ಪ್ರಯಾಣವಾದರೆ ನೀರಿನ ಮೇಲೆ 112 ಗಂಟೆ, ಒಟ್ಟು ಬೇಕಾಗುವುದು ಏಳು ದಿನ. ಪಾಲು ಮೂರನೇ ಎರಡಕ್ಕೆ ಏರುತ್ತದೆ. ಹಣದ ಲೆಕ್ಕವೂ ಹೀಗೆಯೇ. ವಿಮಾನದ ಟಿಕೆಟ್, ಹೋಟೆಲು, ಟ್ಯಾಕ್ಸಿ ಇವೆಲ್ಲ ಎರಡು ರಾತ್ರಿಗೂ ಅಷ್ಟೇ, ಐದು ರಾತ್ರಿಗೂ ಅಷ್ಟೇ. ಎರಡರಿಂದ ಭಾಗಿಸಿದಾಗ ರಾತ್ರಿಯೊಂದಕ್ಕೆ ಬೀಳುವ ಹೊರೆ ಐದರಿಂದ ಭಾಗಿಸಿದಾಗ ಅರ್ಧಕ್ಕಿಂತ ಕಡಿಮೆ. ನಾಲ್ಕು ಜನರ ಕುಟುಂಬಕ್ಕೆ ಹೋಗಿ ಬರುವ ಎಂಟು ವಿಮಾನ ಟಿಕೆಟ್‌ಗಳ ಬೆಲೆಯನ್ನು ಹಡಗಿನ ದರದ ಪಕ್ಕದಲ್ಲಿ ಬರೆದು ನೋಡಿ. ‘ಅಗ್ಗದ’ ಎರಡು ರಾತ್ರಿಯಲ್ಲಿ ಯಾವುದರ ತೂಕ ಹೆಚ್ಚು ಎಂಬುದು ಕಾಗದದ ಮೇಲೆಯೇ ಕಾಣುತ್ತದೆ.

ಒಂದು ದಿನ ಮೊದಲೇ ಹೊರಡಬೇಕು ಎಂದೆ. ಕಾರಣ ಮಂಜು. ಪಶ್ಚಿಮ ಕರಾವಳಿಯಲ್ಲಿ ಕ್ರೂಸ್ ಋತು ಅಕ್ಟೋಬರಿನಿಂದ ಮೇ ತನಕ. ಅದರ ನಟ್ಟನಡುವೆ ದೆಹಲಿಯ ಮಂಜಿನ ಕಾಲ ಬರುತ್ತದೆ. ವಿಮಾನಯಾನ ಮಹಾನಿರ್ದೇಶನಾಲಯ ಡಿಸೆಂಬರ್ 10ರಿಂದ ಫೆಬ್ರವರಿ 10ರವರೆಗೆ ಮಂಜಿನ ಅವಧಿ ಎಂದೇ ಲೆಕ್ಕ ಹಿಡಿದು ಏರ್‌ಲೈನ್‌ಗಳಿಗೆ ನಿಯಮ ಮಾಡುತ್ತದೆ. ಇಂದಿರಾ ಗಾಂಧಿ ನಿಲ್ದಾಣದಲ್ಲಿ ಕ್ಯಾಟ್-3 ಎಂಬ ವ್ಯವಸ್ಥೆ ಇದೆ, ಐವತ್ತು ಮೀಟರ್ ಕಂಡರೂ ವಿಮಾನ ಇಳಿಸಬಹುದು, ಹಾಗಾಗಿ ಹೆದರಬೇಕಿಲ್ಲ ಎಂದು ಅನೇಕರು ಧೈರ್ಯ ಹೇಳುತ್ತಾರೆ. ಆದರೆ ಮೇಲೇರಲು ಸಾಮಾನ್ಯವಾಗಿ 125 ಮೀಟರ್ ಕಾಣಬೇಕು. ನಾವು ಏರಬೇಕಾದವರು. ಅಲ್ಲದೆ ಆ ತರಬೇತಿ ಪಡೆದ ಪೈಲಟ್ ನಮ್ಮ ವಿಮಾನಕ್ಕೆ ಸಿಗಬೇಕು, ಹಿಂದಿನ ಊರಿನಿಂದ ಆ ವಿಮಾನ ಸಮಯಕ್ಕೆ ಬಂದಿರಬೇಕು. 2024ರ ಜನವರಿ 14ರಂದು ಗೋವಾದಿಂದ ದೆಹಲಿಗೆ ಹೊರಟಿದ್ದ ವಿಮಾನ ಇಲ್ಲಿನ ಮಂಜಿನಿಂದಾಗಿ ಮುಂಬಯಿಗೆ ತಿರುಗಿತು. ಪ್ರಯಾಣಿಕರು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕುಳಿತು ಊಟ ಮಾಡಿದ ಚಿತ್ರಗಳನ್ನು ದೇಶವೆಲ್ಲ ನೋಡಿತು. 2025ರ ಡಿಸೆಂಬರ್ ಮೊದಲ ವಾರದಲ್ಲಿ ಆಕಾಶ ತಿಳಿಯಾಗಿದ್ದರೂ ಸಿಬ್ಬಂದಿಯ ಕೆಲಸದ ವೇಳೆಯ ಹೊಸ ನಿಯಮಗಳಿಗೆ ಇಂಡಿಗೋ ಸಿದ್ಧವಾಗಿರಲಿಲ್ಲ, ಸಾವಿರಾರು ಹಾರಾಟಗಳು ರದ್ದಾದವು. ಡಿಸೆಂಬರ್ 5ರಂದು ದೆಹಲಿಯಿಂದ ಹೊರಡಬೇಕಿದ್ದ ಆ ಸಂಸ್ಥೆಯ ದೇಶೀಯ ವಿಮಾನಗಳನ್ನು ಮಧ್ಯರಾತ್ರಿವರೆಗೆ ರದ್ದು ಮಾಡಲಾಯಿತು. ಅಂಥ ದಿನ ಮಧ್ಯಾಹ್ನ ಹಡಗು ಹತ್ತಬೇಕಿದ್ದವರು ಏನು ಮಾಡಬೇಕು?

ಹಡಗು ಕಾಯುವುದಿಲ್ಲ. ಬಂದರಿನ ಜಾಗ ಇಷ್ಟು ಗಂಟೆಯವರೆಗೆ ಎಂದು ಗೊತ್ತಾಗಿರುತ್ತದೆ, ಹಡಗನ್ನು ಹೊರಗೆ ಕರೆದೊಯ್ಯುವ ಬಂದರಿನ ಪೈಲಟ್ ಮತ್ತು ಟಗ್ ದೋಣಿಗಳು ನಿಗದಿತ ಹೊತ್ತಿಗೆ ಬಂದಿರುತ್ತವೆ, ಮುಂದಿನ ಬಂದರಿನಲ್ಲೂ ಅಷ್ಟೇ ಕಟ್ಟುನಿಟ್ಟು. ಸಾವಿರಾರು ಜನರನ್ನು ನಾಲ್ಕು ಜನರಿಗಾಗಿ ತಡೆದು ನಿಲ್ಲಿಸುವ ಕ್ಯಾಪ್ಟನ್ ಇಲ್ಲ. ಹಡಗು ಹೊರಡುವ ಹೊತ್ತು ಐದು ಗಂಟೆ ಎಂದರೆ ಹತ್ತುವ ಬಾಗಿಲು ಒಂದೂವರೆ ಎರಡು ಗಂಟೆ ಮೊದಲೇ ಮುಚ್ಚಿರುತ್ತದೆ, ಏಕೆಂದರೆ ಪ್ರಯಾಣಿಕರ ಪಟ್ಟಿ ಅಂತಿಮವಾಗಿ ಅಧಿಕಾರಿಗಳ ಕೈ ಸೇರಬೇಕು. ತಪ್ಪಿಸಿಕೊಂಡವರಿಗೆ ಹಡಗಿನ ಹಣ ಸಾಮಾನ್ಯವಾಗಿ ವಾಪಸು ಬರುವುದಿಲ್ಲ. ಏರ್‌ಲೈನ್ ಕೂಡ ಮಂಜನ್ನು ತನ್ನ ಹತೋಟಿ ಮೀರಿದ ಕಾರಣ ಎಂದು ತೋರಿಸುತ್ತದೆ. ವಿಮಾನದ ಹಣ ಮರಳಿಸಬಹುದು, ತಪ್ಪಿದ ಹಡಗಿನ ಹಣಕ್ಕೆ ಅದು ಹೊಣೆಯಲ್ಲ. ಹಾಗಾಗಿ ಹಿಂದಿನ ದಿನವೇ ಮುಂಬಯಿ ತಲುಪಿ ಕೋಟೆ ಪ್ರದೇಶದಲ್ಲೋ ಚರ್ಚ್‌ಗೇಟ್ ಸುತ್ತಲೋ ಒಂದು ರಾತ್ರಿ ಉಳಿಯುವುದನ್ನು ವೃಥಾ ಖರ್ಚು ಎನ್ನಬಾರದು, ಅದು ಟಿಕೆಟ್ಟಿನ ಒಂದು ಭಾಗ. ವಿಮಾನಕ್ಕಿಂತ ನಾನು ರಾಜಧಾನಿ ಎಕ್ಸ್‌ಪ್ರೆಸ್‌ಗೇ ಹೆಚ್ಚು ಒಲವು ತೋರುತ್ತೇನೆ. ಅದು ನವದೆಹಲಿಯನ್ನು ಸಂಜೆ ಬಿಡುತ್ತದೆ, ಮಥುರಾ ದಾಟಿ ಕೋಟಾದ ಕಡೆ ತಿರುಗುವುದರಿಂದ ಗಂಗೆಯ ಬಯಲಿನ ದಟ್ಟ ಮಂಜಿನಿಂದ ಬೇಗ ಪಾರಾಗುತ್ತದೆ, 1,384 ಕಿಲೋಮೀಟರ್ ಓಡಿ ಬೆಳಿಗ್ಗೆ ಮುಂಬಯಿ ಸೆಂಟ್ರಲ್ ತಲುಪುತ್ತದೆ. ಅಲ್ಲಿಂದ ಬ್ಯಾಲಾರ್ಡ್ ಪಿಯರ್ ದೂರವಲ್ಲ. ಎರಡು ಮೂರು ಗಂಟೆ ತಡವಾದರೂ ಹಡಗು ಸಿಗುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರೆ ಮಾತ್ರ ರೈಲಿನಿಂದ ಇಳಿದು ನೇರ ಹಡಗಿಗೆ ಓಡುವುದು ಬೇಡ, ಒಂದು ರಾತ್ರಿ ವಿಶ್ರಾಂತಿ ಇರಲಿ.

ಹಾಗಾದರೆ ಯಾವಾಗ ಹೋಗಬೇಕು? ಕಡಲಿನ ಪಂಚಾಂಗವನ್ನೂ ದೆಹಲಿಯ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ಅರಬ್ಬೀ ಸಮುದ್ರ ಮುಂಗಾರಿನ ಕೈಯಲ್ಲಿ. ಆಗ ಎಂಪ್ರೆಸ್ ಕೂಡ ಪಶ್ಚಿಮ ಕರಾವಳಿ ಬಿಟ್ಟು ಚೆನ್ನೈಗೆ ಹೋಗಿ ಶ್ರೀಲಂಕಾದ ಕಡೆ ಓಡಾಡಿದ್ದುಂಟು. ಮುಂಗಾರಿಗೆ ಮೊದಲಿನ ಮೇ ತಿಂಗಳು, ಹಿಂಗಾರಿನ ಅಕ್ಟೋಬರ್ ನವೆಂಬರ್ ಚಂಡಮಾರುತದ ಕಾಲ. 2021ರ ಮೇ ತಿಂಗಳಲ್ಲಿ ತೌಕ್ತೆ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗಿತು, 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಡಿಸೆಂಬರ್ ಆರಂಭದಲ್ಲಿ ಲಕ್ಷದ್ವೀಪವನ್ನು ಹೊಡೆಯಿತು. ಚಂಡಮಾರುತ ಬಂದರೆ ಹಡಗು ಮುಳುಗುತ್ತದೆ ಎಂದಲ್ಲ. ಮಾರ್ಗ ಬದಲಾಗುತ್ತದೆ, ದ್ವೀಪ ತಪ್ಪುತ್ತದೆ. ಮಾರ್ಗ ಬದಲಿಸುವ ಹಕ್ಕು ಕಂಪನಿಯದು ಎಂದು ಷರತ್ತಿನಲ್ಲಿ ಬರೆದೇ ಇರುತ್ತದೆ. ಡಿಸೆಂಬರ್, ಜನವರಿಗಳಲ್ಲಿ ಕಡಲು ಶಾಂತ, ಆದರೆ ದೆಹಲಿಯಲ್ಲಿ ಮಂಜು. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗೆ ದರವೂ ತುದಿಗೇರಿರುತ್ತದೆ, ಈಜುಕೊಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡೂ ಕಡೆ ತಿಳಿಯಾಗಿರುವ ಕಾಲ ಎಂದರೆ ಫೆಬ್ರವರಿಯ ಉತ್ತರಾರ್ಧ ಮತ್ತು ಮಾರ್ಚ್. ನಿವೃತ್ತರಿಗೆ, ಮಕ್ಕಳಿಲ್ಲದ ದಂಪತಿಗಳಿಗೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಆಗ ಸಿಬಿಎಸ್‌ಇ ಪರೀಕ್ಷೆಗಳ ಕಾಲ, ಮಕ್ಕಳಿರುವ ಮನೆಗೆ ಇದು ಹೊಂದುವುದಿಲ್ಲ ಎನ್ನಬಹುದು. ಒಪ್ಪುತ್ತೇನೆ. ಅಂಥವರಿಗೆ ಪರೀಕ್ಷೆ ಮುಗಿದ ಮಾರ್ಚ್ ಕೊನೆಯ ವಾರ, ಇಲ್ಲವೇ ಏಪ್ರಿಲ್ ಆರಂಭ ಉಳಿಯುತ್ತದೆ. ದ್ವೀಪಗಳಲ್ಲಿ ಸೆಕೆ ಇರುತ್ತದೆ, ಆದರೂ ದೆಹಲಿಯ ಮಂಜಿನಲ್ಲಿ ಹಡಗು ಕಳೆದುಕೊಳ್ಳುವುದಕ್ಕಿಂತ ಸೆಕೆ ಮೇಲು.

ಉದ್ದದ ಪ್ರಯಾಣಕ್ಕೆ ಕೇಳಿಬರುವ ದೊಡ್ಡ ಆಕ್ಷೇಪ ಇದು: ಕಡಲು ನಮ್ಮ ಮೈಗೆ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲ, ಮೊದಲು ಎರಡು ರಾತ್ರಿ ಹೋಗಿ ನೋಡೋಣ, ಸರಿಹೋದರೆ ಮುಂದಿನ ಸಲ ಐದು ರಾತ್ರಿ. ಮೇಲ್ನೋಟಕ್ಕೆ ವಿವೇಕದ ಮಾತು. ಆದರೆ ಹಡಗಿನ ವಾಕರಿಕೆ ನಡೆದುಕೊಳ್ಳುವ ರೀತಿ ಬೇರೆ. ಕಣ್ಣು ಕ್ಯಾಬಿನ್ನಿನ ಗೋಡೆಯನ್ನು ನೋಡಿ ‘ಎಲ್ಲ ನಿಂತಿದೆ’ ಎನ್ನುತ್ತದೆ, ಒಳಗಿವಿ ‘ನಾವು ಓಲಾಡುತ್ತಿದ್ದೇವೆ’ ಎನ್ನುತ್ತದೆ. ಈ ತಗಾದೆಯನ್ನು ಮೆದುಳು ಬಗೆಹರಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಎರಡು ರಾತ್ರಿಯ ಹಡಗು ಹತ್ತಿದವರಿಗೆ ಸಿಗುವುದು ಹೊಟ್ಟೆ ತೊಳಸುವ ಆ ಮೊದಲ ಎರಡು ದಿನ ಮಾತ್ರ. ಮೈ ಹೊಂದಿಕೊಳ್ಳುವ ಹೊತ್ತಿಗೆ ಹಡಗು ದಡ ಸೇರಿರುತ್ತದೆ, ‘ನಮಗೆ ಕಡಲು ಆಗಿಬರುವುದಿಲ್ಲ’ ಎಂಬ ತೀರ್ಮಾನ ಗಟ್ಟಿಯಾಗಿರುತ್ತದೆ. ಪರೀಕ್ಷೆ ಮಾಡಲೇಬೇಕು ಎನ್ನುವವರು ಮುಂಬಯಿಗೆ ಬೇರೆ ಕೆಲಸಕ್ಕೆ ಹೋದಾಗ ಭಾವುಚಾ ಧಕ್ಕಾದಿಂದ ಮಾಂಡ್ವಾಕ್ಕೆ ಹೋಗುವ ರೋ-ರೋ ದೋಣಿ ಹತ್ತಿ ನೋಡಲಿ, ಸುಮಾರು ಒಂದು ಗಂಟೆಯ ಹಾದಿ. ದೊಡ್ಡ ಹಡಗಿಗಿಂತ ಅದು ಹೆಚ್ಚು ಓಲಾಡುತ್ತದೆ. ಅಲ್ಲಿ ನೆಟ್ಟಗಿದ್ದವರು ಹಡಗಿನಲ್ಲೂ ನೆಟ್ಟಗಿರುತ್ತಾರೆ. ಹಡಗಿನ ಕ್ಯಾಬಿನ್ ಆರಿಸುವಾಗ ಉದ್ದದ ಮಧ್ಯಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ಕೇಳಿ. ತಕ್ಕಡಿಯ ದಂಡದ ನಡುವಿನಂತೆ ಅಲ್ಲಿ ಏರಿಳಿತ ಕಡಿಮೆ, ದರವೂ ಬಹಳ ಸಲ ಕಡಿಮೆ. ಎತ್ತರದ ಡೆಕ್ಕಿನ ತುದಿಯ ಬಾಲ್ಕನಿ ಫೋಟೋದಲ್ಲಿ ಚೆಂದ, ಅಲೆ ಎದ್ದಾಗ ಕಷ್ಟ. ಅವೋಮಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹಡಗು ಹೊರಡುವ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಅದು ಒಳಗೆ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಬುಫೆ ಕಂಡೊಡನೆ ತುಂಬಿದ ಹೊಟ್ಟೆಯೂ ಬೇಡ. ತಲೆ ಸುತ್ತಿದರೆ ಕ್ಯಾಬಿನ್ನಿನಲ್ಲಿ ಮಲಗಿ ಮೊಬೈಲ್ ನೋಡುವ ಬದಲು ಡೆಕ್ಕಿಗೆ ಬಂದು ದಿಗಂತದ ಗೆರೆಯನ್ನು ನೋಡುತ್ತ ನಿಲ್ಲಬೇಕು. ಆಗ ಕಣ್ಣು ಕಿವಿ ಎರಡೂ ಒಂದೇ ಸುದ್ದಿ ಹೇಳುತ್ತವೆ.

ಉದ್ದ ಎಂದ ಮಾತ್ರಕ್ಕೆ ಎಲ್ಲ ಹಡಗೂ ಒಂದೇ ಅಲ್ಲ. ಹಡಗಿನೊಳಗೆ ಏನಿದೆ ಎಂಬುದಕ್ಕಿಂತ ಹಡಗು ಎಲ್ಲಿ ನಿಲ್ಲುತ್ತದೆ ಎಂಬುದನ್ನು ನೋಡಿ ಆರಿಸಬೇಕು. ಕ್ಯಾಸಿನೋ, ಡಿಜೆ, ಶಾಪಿಂಗ್, ಹದಿನೈದು ಬಗೆಯ ಊಟ ಇವೆಲ್ಲ ಗುರುಗ್ರಾಮದಲ್ಲೂ ಏರೋಸಿಟಿಯಲ್ಲೂ ಧಾರಾಳ. ಕ್ಯಾಸಿನೋ ಒಂದಕ್ಕೆ ಅಷ್ಟು ದೂರ ಹೋಗಬೇಕೆ? ದೆಹಲಿಯಲ್ಲಿ ಸಿಗದ್ದು ಬಂದರು ಮತ್ತು ದ್ವೀಪ. ಬಂದರಿನ ದಿನವನ್ನು ಹೇಗೆ ಬಳಸಬೇಕು ಎಂಬುದಕ್ಕೆ ನಮ್ಮ ಮಂಗಳೂರೇ ಒಳ್ಳೆಯ ಪಾಠ. ಪಣಂಬೂರಿನ ನವಮಂಗಳೂರು ಬಂದರಿಗೆ ಚಳಿಗಾಲದಲ್ಲಿ ಬರುವ ವಿದೇಶಿ ಹಡಗುಗಳು ಬಹುತೇಕ ಒಂದು ಹಗಲು ಮಾತ್ರ ನಿಲ್ಲುತ್ತವೆ. ಬೆಳಿಗ್ಗೆ ಇಳಿದ ಪ್ರಯಾಣಿಕರಲ್ಲಿ ಒಂದು ಗುಂಪು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೂ ಕಾರ್ಕಳದ ಗೊಮ್ಮಟನಿಗೂ ಬಸ್ಸು ಹತ್ತುತ್ತದೆ, ಇನ್ನೊಂದು ಕುದ್ರೋಳಿ ದೇವಸ್ಥಾನ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಮಾರುಕಟ್ಟೆ ಎಂದು ಊರೊಳಗೇ ಸುತ್ತುತ್ತದೆ. ದೂರದ ಜಾಗಕ್ಕೆ ಹೋಗುವವರು ಹಡಗಿನವರೇ ಏರ್ಪಡಿಸಿದ ಬಸ್ಸಿನಲ್ಲಿ ಹೋಗುತ್ತಾರೆ, ಏಕೆಂದರೆ ಆ ಬಸ್ಸು ತಡವಾದರೆ ಹಡಗೇ ಅದಕ್ಕೆ ಹೊಣೆ. ಹತ್ತಿರದಲ್ಲೇ ಸುತ್ತುವವರು ಸ್ವಂತ ಟ್ಯಾಕ್ಸಿ ಹಿಡಿದು ಹಣ ಉಳಿಸುತ್ತಾರೆ. ನಾವೂ ಗೋವಾದಲ್ಲಿ, ಕೊಚ್ಚಿಯಲ್ಲಿ ಹೀಗೆಯೇ ಮಾಡಬೇಕು: ದೂರಕ್ಕೆ ಹಡಗಿನ ಬಸ್ಸು, ಹತ್ತಿರಕ್ಕೆ ಸ್ವಂತ ಗಾಡಿ, ಎರಡರಲ್ಲೂ ಕೊನೆಯ ಕರೆಗೆ ಒಂದೂವರೆ ಗಂಟೆ ಮೊದಲು ವಾಪಸು. ವಿದೇಶದ ಬಂದರಾದರೆ ಹಡಗಿನ ಗಡಿಯಾರ ಬೇರೆ, ಊರಿನ ಗಡಿಯಾರ ಬೇರೆ ಇರಬಹುದು. ಮೊಬೈಲು ಊರಿನ ಹೊತ್ತು ತೋರಿಸುತ್ತದೆ, ಹಡಗು ತನ್ನದೇ ಹೊತ್ತಿಗೆ ಹೊರಡುತ್ತದೆ. ಕೈಗಡಿಯಾರ ಕಟ್ಟಿಕೊಳ್ಳುವುದು ಒಳ್ಳೆಯದು.

ಲಕ್ಷದ್ವೀಪ ಈ ಮಾರ್ಗದ ಮುಕುಟ, ಅಷ್ಟೇ ಕಷ್ಟದ್ದು ಕೂಡ. ದ್ವೀಪಗಳ ಸುತ್ತ ಹವಳದ ದಿಬ್ಬ, ಅದರೊಳಗೆ ಆಳವಿಲ್ಲದ ತಿಳಿನೀರು. ದೊಡ್ಡ ಹಡಗು ದಡಕ್ಕೆ ಬರಲಾರದು, ಹೊರಗಿನ ಆಳದಲ್ಲೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಗಳಲ್ಲಿ ಜನರನ್ನು ಸಾಗಿಸುತ್ತಾರೆ. ಆ ದಾಟುವ ಘಳಿಗೆಯನ್ನು ಜಾಹೀರಾತು ತೋರಿಸುವುದಿಲ್ಲ. ಹಡಗಿನ ಪಕ್ಕೆಯಲ್ಲಿ, ನೀರಿನ ಮಟ್ಟಕ್ಕೆ ಸ್ವಲ್ಪ ಮೇಲೆ ಒಂದು ಬಾಗಿಲು ತೆರೆಯುತ್ತದೆ. ಕೆಳಗೆ ದೋಣಿ ಒಂದು ಅಲೆಗೆ ಏರುತ್ತದೆ, ಮತ್ತೊಂದಕ್ಕೆ ಇಳಿಯುತ್ತದೆ. ಇಬ್ಬರು ನಾವಿಕರು ಮೊಣಕೈ ಕೆಳಗೆ ಗಟ್ಟಿಯಾಗಿ ಹಿಡಿಯುತ್ತಾರೆ. ದೋಣಿ ಮೇಲೇರಿ ಬಾಗಿಲಿಗೆ ಸರಿಸಮವಾದ ಕ್ಷಣದಲ್ಲಿ ‘ಈಗ’ ಎನ್ನುತ್ತಾರೆ, ಆಗ ಹಿಂದೆಮುಂದೆ ನೋಡದೆ ಒಂದೇ ಹೆಜ್ಜೆ ಇಡಬೇಕು. ಅರ್ಧ ಹೆಜ್ಜೆ ಇಟ್ಟು ಅನುಮಾನಿಸಿದವರೇ ಬೀಳುವುದು. ಎರಡೂ ಕೈ ಖಾಲಿ ಇರಬೇಕು, ಚೀಲ ಬೆನ್ನಿನ ಮೇಲೆ, ಫೋನು ಜೇಬಿನಲ್ಲಿ, ಕಾಲಿಗೆ ಹಿಂದೆ ಪಟ್ಟಿಯಿರುವ ರಬ್ಬರ್ ಚಪ್ಪಲಿ. ಸೀರೆಗಿಂತ ಸಲ್ವಾರ್ ಅನುಕೂಲ. ಮಂಡಿನೋವಿನ ತಂದೆ ತಾಯಿಯನ್ನು ಕರೆದೊಯ್ಯುವವರು ಬುಕಿಂಗ್ ಮಾಡುವ ಮೊದಲೇ ಕೇಳಬೇಕಾದ ಒಂದೇ ಪ್ರಶ್ನೆ: ಈ ಮಾರ್ಗದಲ್ಲಿ ಎಷ್ಟು ಕಡೆ ಹಡಗು ನೇರ ದಡಕ್ಕೆ ನಿಲ್ಲುತ್ತದೆ, ಎಷ್ಟು ಕಡೆ ದೋಣಿಗೆ ಇಳಿಯಬೇಕು? ಅಲೆ ಜೋರಿದ್ದ ದಿನ ಯಾರನ್ನೂ ಇಳಿಸುವುದಿಲ್ಲ, ದ್ವೀಪವನ್ನು ದೂರದಿಂದ ನೋಡಿ ಬರಬೇಕಾಗುತ್ತದೆ. ದ್ವೀಪಗಳೇ ಗುರಿ, ಹಡಗಿನ ಆಡಂಬರ ಬೇಡ ಎನ್ನುವವರಿಗೆ ಲಕ್ಷದ್ವೀಪ ಆಡಳಿತದ ‘ಸ್ಪೋರ್ಟ್ಸ್’ ಸಂಸ್ಥೆ ಕೊಚ್ಚಿಯಿಂದ ಎಂ.ವಿ. ಕವರತ್ತಿ ಹಡಗಿನಲ್ಲಿ ನಡೆಸುವ ‘ಸಮುದ್ರಂ’ ಪ್ರವಾಸವನ್ನು ಸೂಚಿಸುತ್ತೇನೆ. ಐದು ದಿನ, ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ನನ್ನ ವಾದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ದೇಶದಲ್ಲಿಲ್ಲ. ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕು, ಸಮಯ ಹಿಡಿಯುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಮೊದಲೇ ಶುರು ಮಾಡಬೇಕು. ಊರಿಗೆ ಹೋಗುವ ಕರಾವಳಿ ಕನ್ನಡಿಗರಿಗೆ ಇದರಲ್ಲಿ ಇನ್ನೊಂದು ಲಾಭವಿದೆ: ನಿಜಾಮುದ್ದೀನ್‌ನಿಂದ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಮಂಗಳೂರು ಹಾದು ಎರ್ನಾಕುಳಂಗೆ ಹೋಗುತ್ತದೆ. ಊರಿನ ರಜೆಗೇ ಹಡಗನ್ನು ಸೇರಿಸಿಕೊಂಡರೆ ಕಡಲಿಗೆಂದು ಬೇರೆ ಪ್ರಯಾಣವೇ ಬೇಕಿಲ್ಲ.

ಹಡಗಿನೊಳಗಿನ ನಡವಳಿಕೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ದೊಡ್ಡ ಲಗೇಜು ಕ್ಯಾಬಿನ್ ತಲುಪಲು ಸಂಜೆಯಾಗಬಹುದು, ಆದ್ದರಿಂದ ಔಷಧ, ಗುರುತಿನ ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಕಡಲಿಗಿಳಿದೊಡನೆ ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಹಡಗಿನ ಉಪಗ್ರಹ ಜಾಲಕ್ಕೆ ತಾನಾಗಿ ಅಂಟಿಕೊಂಡ ಫೋನಿನ ಬಿಲ್ಲು ಕಣ್ಣೀರು ತರಿಸುತ್ತದೆ. ಸಸ್ಯಾಹಾರ, ಬೆಳ್ಳುಳ್ಳಿ ಈರುಳ್ಳಿ ಇಲ್ಲದ ಊಟ ಬೇಕಿದ್ದರೆ ಬುಕಿಂಗ್ ಹೊತ್ತಿಗೇ ಬರೆಸಿ. ಊಟಕ್ಕೆ ಮೊದಲು ಕೈಯನ್ನು ಸೋಪಿನಿಂದ ತೊಳೆಯಿರಿ, ಹಡಗುಗಳಲ್ಲಿ ಹಬ್ಬುವ ನೋರೋವೈರಸ್‌ಗೆ ಸ್ಯಾನಿಟೈಸರ್ ಸಾಕಾಗುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಹೊರಡುವ ಮೊದಲಿನ ಸುರಕ್ಷತಾ ತಾಲೀಮು. ನಮ್ಮವರು ಅದನ್ನು ಬೇಸರದ ಅರ್ಧ ಗಂಟೆ ಎಂದುಕೊಂಡು ಸೆಲ್ಫಿ ತೆಗೆಯುತ್ತ ಕಳೆಯುತ್ತಾರೆ. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಬಂಡೆಗೆ ಕೋಸ್ಟಾ ಕಾಂಕಾರ್ಡಿಯಾ ಬಡಿದಾಗ ಅದೇ ಸಂಜೆ ಹತ್ತಿದ್ದ ನೂರಾರು ಜನರಿಗೆ ತಾಲೀಮೇ ಆಗಿರಲಿಲ್ಲ. 32 ಜನ ಸತ್ತರು. ಆ ದುರಂತದ ನಂತರವೇ ಅಂತರರಾಷ್ಟ್ರೀಯ ನಿಯಮ ತಿದ್ದುಪಡಿಯಾಗಿ, 2015ರಿಂದ ಹಡಗು ಹೊರಡುವ ಮೊದಲೋ ಹೊರಟ ಕೂಡಲೋ ತಾಲೀಮು ಕಡ್ಡಾಯವಾಯಿತು. ನಿಮ್ಮ ಕ್ಯಾಬಿನ್ನಿನಿಂದ ಸೇರುವ ಜಾಗಕ್ಕೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಒಮ್ಮೆ ನಡೆದು ನೋಡಿ, ಮಕ್ಕಳನ್ನೂ ನಡೆಸಿ.

ವಿದೇಶಿ ಕ್ರೂಸ್‌ನ ವಿಷಯದಲ್ಲಿ ದೆಹಲಿಗೆ ಅನುಕೂಲವೇ ಹೆಚ್ಚು. ಸಿಂಗಪುರಕ್ಕೆ ನೇರ ವಿಮಾನಗಳಿವೆ, ಚಾಣಕ್ಯಪುರಿಯಲ್ಲಿ ರಾಯಭಾರ ಕಚೇರಿಗಳು, ಶಿವಾಜಿ ಸ್ಟೇಡಿಯಂ ಮೆಟ್ರೋ ನಿಲ್ದಾಣದಲ್ಲಿ ವೀಸಾ ಅರ್ಜಿ ಕೇಂದ್ರ. ಆದರೆ ಹಡಗಿನವರಿಗೆ ಒಂದು ವಿಶೇಷ ತೊಡಕಿದೆ. ಸಿಂಗಪುರದಿಂದ ಹೊರಟು ಮಲೇಷ್ಯಾ ಮುಟ್ಟಿ ಸಿಂಗಪುರಕ್ಕೇ ಮರಳುವವರು ಆ ದೇಶವನ್ನು ಎರಡು ಸಲ ಪ್ರವೇಶಿಸಿದಂತೆ; ಏಕಪ್ರವೇಶದ ವೀಸಾ ಇದ್ದರೆ ಮರಳುವಾಗ ಸಿಕ್ಕಿಬೀಳುತ್ತಾರೆ. ಯುರೋಪಿನಲ್ಲಿ ಬಾರ್ಸಿಲೋನಾದಿಂದ ಹೊರಟ ಹಡಗು ನಡುವೆ ಷೆಂಗನ್ ವಲಯದ ಹೊರಗಿನ ಬಂದರಿಗೆ ಹೋಗಿ ಬಂದರೂ ಅದೇ ಕಥೆ. ಅರ್ಜಿಯಲ್ಲೇ ಬಹುಪ್ರವೇಶ ಎಂದು ಗುರುತು ಹಾಕಿ, ಹಡಗಿನ ಮಾರ್ಗಸೂಚಿಯನ್ನು ಲಗತ್ತಿಸಬೇಕು. ದರದ ಜೊತೆಗೆ ದಿನಕ್ಕೆ ತಲೆಗೆ ಇಷ್ಟು ಡಾಲರ್ ಎಂದು ಸಿಬ್ಬಂದಿಯ ಟಿಪ್ಸ್ ಸೇರುತ್ತದೆ, ಪ್ಯಾಕೇಜಿನ ಮೇಲೆ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಬೀಳುತ್ತದೆ. ಎರಡನೆಯದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಮೊದಲನೆಯದು ಹೋದಂತೆಯೇ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು, ಅದನ್ನು ನಾನು ತಳ್ಳಿಹಾಕಲಾರೆ. ವರ್ಷದಲ್ಲಿ ಹಲವು ವಾರ ವಿಷದ ಗಾಳಿ ಕುಡಿಯುವ ದೆಹಲಿಯವರು ಇಷ್ಟು ಇಂಧನ ಸುಡುವ ಹಡಗನ್ನು ಹತ್ತುವುದು ಸರಿಯೇ ಎಂಬ ಪ್ರಶ್ನೆ. ಅಂತರರಾಷ್ಟ್ರೀಯ ಸ್ವಚ್ಛ ಸಾರಿಗೆ ಮಂಡಳಿ 2022ರಲ್ಲಿ ಮಾಡಿದ ಲೆಕ್ಕದ ಪ್ರಕಾರ ದಕ್ಷತೆಯಲ್ಲಿ ಮುಂದಿರುವ ಹಡಗಿನಲ್ಲೂ ತಲೆಗೆ ಬೀಳುವ ಇಂಗಾಲದ ಹೊರೆ ಅಷ್ಟೇ ದೂರವನ್ನು ವಿಮಾನದಲ್ಲಿ ಹೋಗಿ ಹೋಟೆಲಿನಲ್ಲಿ ಉಳಿದುದರ ಸುಮಾರು ಇಮ್ಮಡಿ. ದೆಹಲಿಯವರು ಅದರ ಮೇಲೆ ಹೋಗಿ ಬರುವ ವಿಮಾನವನ್ನೂ ಸೇರಿಸುತ್ತಾರೆ. ಇದಕ್ಕೆ ಹಡಗಿನ ಕಂಪನಿಗಳು ಕೊಡುವ ಸಮಜಾಯಿಷಿಗಳು ನನ್ನನ್ನು ಒಪ್ಪಿಸಿಲ್ಲ. ಕ್ರೂಸನ್ನು ವರ್ಷವರ್ಷದ ಅಭ್ಯಾಸ ಮಾಡಿಕೊಳ್ಳುವುದು ಬೇಡ ಎಂದೇ ಹೇಳುತ್ತೇನೆ. ಅಪರೂಪಕ್ಕೊಮ್ಮೆ ಹೋಗುವುದಾದರೆ ರೈಲಿನಲ್ಲಿ ಹೋಗಿ, ಊರಿನ ಪ್ರಯಾಣದ ಜೊತೆ ಸೇರಿಸಿಕೊಂಡು, ಉದ್ದಕ್ಕೆ ಹೋಗುವುದು ಪದೇಪದೇ ಎರಡೆರಡು ರಾತ್ರಿ ವಿಮಾನದಲ್ಲಿ ಹಾರಿ ಹೋಗುವುದಕ್ಕಿಂತ ಹಗುರ. ರಜೆ ಎಲ್ಲಿಂದ ತರುವುದು ಎನ್ನುವವರಿಗೂ ಇದೇ ಉತ್ತರ: ಎರಡು ವರ್ಷದಲ್ಲಿ ಮೂರು ಸಲ ನಾಲ್ಕು ನಾಲ್ಕು ದಿನ ಕಳೆಯುವ ಬದಲು ಒಂದೇ ಸಲ ಏಳು ದಿನ ತೆಗೆದುಕೊಂಡರೆ ರಜೆಯೂ ಉಳಿಯುತ್ತದೆ, ಕಡಲೂ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ.

ದೆಹಲಿಗೇ ಕ್ರೂಸ್ ಬರುತ್ತಿದೆಯಲ್ಲ, ಇಷ್ಟು ದೂರ ಏಕೆ ಎಂದು ಕೇಳುವವರಿದ್ದಾರೆ. 2025ರ ಮಾರ್ಚ್ 11ರಂದು ಒಳನಾಡು ಜಲಮಾರ್ಗ ಪ್ರಾಧಿಕಾರ, ದೆಹಲಿ ಅಭಿವೃದ್ಧಿ ಪ್ರಾಧಿಕಾರ, ದೆಹಲಿ ಜಲಮಂಡಳಿ, ನೀರಾವರಿ ಇಲಾಖೆ ಮತ್ತು ದೆಹಲಿ ಪ್ರವಾಸೋದ್ಯಮ ನಿಗಮ ಸೇರಿ ಸೋನಿಯಾ ವಿಹಾರದಿಂದ ಜಗತ್‌ಪುರದವರೆಗೆ ಯಮುನೆಯಲ್ಲಿ ಸುಮಾರು ನಾಲ್ಕು ಕಿಲೋಮೀಟರ್ ದೋಣಿ ಪ್ರವಾಸ ನಡೆಸುವ ಒಪ್ಪಂದಕ್ಕೆ ಸಹಿ ಹಾಕಿದವು. ಸೌರಶಕ್ತಿ ಮತ್ತು ಬ್ಯಾಟರಿಯಿಂದ ಓಡುವ, 30ರಿಂದ 40 ಜನ ಕೂರುವ ದೋಣಿಗಳು. ಆರಿಸಿದ ಜಾಗ ವಜೀರಾಬಾದ್ ಬ್ಯಾರೇಜಿನ ಮೇಲ್ಭಾಗ, ಅದು ಸರಿಯಾದ ಆಯ್ಕೆಯೇ. ಬ್ಯಾರೇಜು ದಾಟಿದೊಡನೆ ನಜಫ್‌ಗಢ ನಾಲೆ ನದಿಗೆ ಸೇರುತ್ತದೆ, ಅಲ್ಲಿಂದ ಓಖ್ಲಾವರೆಗಿನ 22 ಕಿಲೋಮೀಟರ್‌ನಲ್ಲಿ ಮೂಗು ಮುಚ್ಚದೆ ದೋಣಿ ನಡೆಸುವಂತಿಲ್ಲ. ನಾನು ಈ ಯೋಜನೆಯನ್ನು ಮನಸಾರೆ ಬಯಸುತ್ತೇನೆ, ಏಕೆಂದರೆ ನದಿಯ ಮೇಲೆ ಓಡಾಡಿದ ಜನ ನದಿಯ ಬಗ್ಗೆ ಕೇಳುವ ಪ್ರಶ್ನೆಗಳು ಸೇತುವೆಯ ಮೇಲೆ ಕಾರಿನಲ್ಲಿ ಹೋಗುವವರ ಪ್ರಶ್ನೆಗಳಂತಿರುವುದಿಲ್ಲ. ಆದರೂ ಅದು ಒಂದು ಸಂಜೆಯ ವಿಹಾರ. ಐದು ರಾತ್ರಿಯ ಹಡಗಿಗೆ ಬದಲಿ ಎಂದು ಮಾರಬಾರದು, ಕೊಳ್ಳಬಾರದು. ಅದಕ್ಕೂ ತನ್ನದೇ ಪಂಚಾಂಗವಿದೆ. ಮಳೆಗಾಲದಲ್ಲಿ ಮೇಲಿನ ಹಥ್ನಿಕುಂಡ ಬ್ಯಾರೇಜಿನಿಂದ ನೀರು ಬಿಟ್ಟರೆ ನದಿ ಉಕ್ಕುತ್ತದೆ. 2023ರ ಜುಲೈ 13ರಂದು ಹಳೆಯ ರೈಲ್ವೆ ಸೇತುವೆಯ ಬಳಿ ಮಟ್ಟ 208.66 ಮೀಟರ್ ಮುಟ್ಟಿ ದಾಖಲೆ ಬರೆಯಿತು. ಬೇಸಿಗೆಯಲ್ಲಿ ವಜೀರಾಬಾದಿನ ಕೊಳದ ಮಟ್ಟ ವಾಡಿಕೆಯ 674.5 ಅಡಿಗಿಂತ ಕೆಳಗಿಳಿಯುತ್ತದೆ, ಚಳಿಗಾಲದಲ್ಲಿ ಅಮೋನಿಯಾ ಏರಿ ನೀರು ಶುದ್ಧೀಕರಣ ಘಟಕ ತನ್ನ ಕೆಲಸ ತಗ್ಗಿಸಬೇಕಾಗುತ್ತದೆ. ಮಳೆ ನಿಂತು ನೀರು ತಿಳಿಯಾಗುವ ಅಕ್ಟೋಬರ್ ನವೆಂಬರಿನ ಸಂಜೆಗಳು ಈ ದೋಣಿಗೆ ತಕ್ಕವು. ಟಿಕೆಟ್ ಕೊಳ್ಳುವ ಮೊದಲು ಕೊಳದ ಮಟ್ಟದ ಬಗ್ಗೆ ಜಲಮಂಡಳಿ ಆ ವಾರ ಏನು ಹೇಳಿದೆ ಎಂದು ಪತ್ರಿಕೆಯಲ್ಲಿ ನೋಡಿಕೊಳ್ಳಿ.